ಎಳೆ ಮರಕ್ಕೆ ಆಯುಷ್ಯ ಕೊಟ್ಟ ಲವಣ

ಮಲೆನಾಡಿನಲ್ಲಿ ಬಿದಿರು ಕಡಿಯುವವರು ತಿಥಿ ನೋಡುವುದುಂಟು. ಹುಣ್ಣಿಮೆ ಹತ್ತಿರವಿದ್ದಾಗ ಕಡಿದ ಗಳಕ್ಕೆ ಬೇಗ ಕುಟ್ಟೆ ಹಿಡಿಯುತ್ತದೆ ಎಂಬುದು ಅವರ ನಂಬಿಕೆ. ಕಡಿದ ಮೇಲೆ ಗಳಗಳನ್ನು ಕೆರೆಯಲ್ಲೋ ಹಳ್ಳದಲ್ಲೋ ಕೆಲವು ವಾರ ಮುಳುಗಿಸಿಡುತ್ತಾರೆ. ತಿಥಿಯ ಮಾತು ಹೇಗಾದರೂ ಇರಲಿ, ನೀರಿನ ಉಪಾಯಕ್ಕೆ ಕಾರಣವಿದೆ. ಕುಟ್ಟೆ ಹುಳುವಿಗೆ ಬೇಕಾದದ್ದು ಗಳದೊಳಗಿನ ಪಿಷ್ಟ. ನೀರಿನಲ್ಲಿ ನೆನೆದಾಗ ಅದರ ಅಂಶ ಕಡಿಮೆಯಾಗುತ್ತದೆ, ಹುಳುವಿನ ಊಟವೂ ಕಡಿಮೆಯಾಗುತ್ತದೆ.

ತೇಗ, ಬೀಟೆಗಳಿಗೆ ಇಂಥ ಉಪಚಾರ ಬೇಕಿಲ್ಲ. ಹಳೆಯ ಮರದ ಒಳಭಾಗವಾದ ಚೇಗಿನಲ್ಲಿ ಗೆದ್ದಲು, ಶಿಲೀಂಧ್ರಗಳಿಗೆ ಒಗ್ಗದ ರಾಸಾಯನಿಕಗಳನ್ನು ಮರವೇ ತುಂಬಿಕೊಂಡಿರುತ್ತದೆ. ಹೊರಗಿನ ಬಿಳಿ ಭಾಗಕ್ಕೆ ಆ ರಕ್ಷಣೆ ಇಲ್ಲ. ನೀಲಗಿರಿ, ಸಿಲ್ವರ್ ಓಕ್, ರಬ್ಬರ್‌ನಂಥ ಬೇಗ ಬೆಳೆಯುವ ಮರಗಳ ತೊಂದರೆ ಇಲ್ಲಿಯೇ. ಎಳೆಯದರಲ್ಲೇ ಕಡಿದಾಗ ಚೇಗು ಕೂಡಿರುವುದೇ ಕಡಿಮೆ. ಕೆಲವಕ್ಕೆ ಬಾಳಿಕೆಯ ಚೇಗು ಎಷ್ಟು ವಯಸ್ಸಾದರೂ ಕೂಡುವುದಿಲ್ಲ.

ಈ ಕೊರತೆಯನ್ನು ಔಷಧದಿಂದ ತುಂಬಬಹುದೆಂಬ ಯೋಚನೆಗೆ ಬಲ ಬಂದದ್ದು ರೈಲಿನಿಂದ. ಹಳಿಯ ಕೆಳಗಿನ ಸ್ಲೀಪರ್‌ಗಳು ಮಣ್ಣಿನಲ್ಲಿ ಕೊಳೆತರೆ ರೈಲೇ ನಿಂತೀತು. ಇಂಗ್ಲೆಂಡಿನ ಜಾನ್ ಬೆಥೆಲ್ 1838ರಲ್ಲಿ ಒಂದು ವಿಧಾನಕ್ಕೆ ಪೇಟೆಂಟ್ ಪಡೆದ. ಮರವನ್ನು ಕಬ್ಬಿಣದ ಸಿಲಿಂಡರಿನಲ್ಲಿಟ್ಟು ಒಳಗಿನ ಗಾಳಿಯನ್ನು ಹೀರಿ ತೆಗೆದು, ಕಲ್ಲಿದ್ದಲು ಡಾಂಬರಿನಿಂದ ಬರುವ ಕ್ರಿಯೋಸೋಟ್ ಎಣ್ಣೆಯನ್ನು ಒತ್ತಡದಿಂದ ತುಂಬುವುದು ಅದರ ಕ್ರಮ. 1853ರಲ್ಲಿ ಮುಂಬಯಿ-ಠಾಣೆ ರೈಲು ಓಡಿದ ನಂತರದ ವರ್ಷಗಳಲ್ಲಿ, ಸಾಲ ಮತ್ತು ತೇಗದ ಕಾಡುಗಳಿದ್ದ ಈ ದೇಶಕ್ಕೆ ಯುರೋಪಿನ ಪೈನ್ ಸ್ಲೀಪರ್‌ಗಳು ಈ ಎಣ್ಣೆ ಕುಡಿದು ಹಡಗಿನಲ್ಲಿ ಬಂದವು. ಮೆದು ಮರ ದೇಶಾಂತರ ಹೋಗುವಷ್ಟು ಗಟ್ಟಿಯಾಗಿತ್ತು ಎನ್ನಬೇಕು!

ಆದರೆ ಕ್ರಿಯೋಸೋಟ್ ಕಪ್ಪು, ಜಿಡ್ಡು, ವಾಸನೆ. ಅದನ್ನು ಮನೆಯ ಮರಕ್ಕೆ ಬಳಿಯುವಂತಿರಲಿಲ್ಲ. ನೀರಿನಲ್ಲಿ ಕರಗುವ ಲವಣಗಳು ಸ್ವಚ್ಛವಾಗಿದ್ದವು, ಆದರೆ ಮೊದಲ ಮಳೆಗೇ ತೊಳೆದುಹೋಗುತ್ತಿದ್ದವು. ಈ ಗಂಟನ್ನು ಬಿಡಿಸಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶನ್. 1933ರಲ್ಲಿ ಅವರು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳ ಮಿಶ್ರಣವೊಂದನ್ನು ರೂಪಿಸಿದರು. ಅದಕ್ಕಿಟ್ಟ 'ಆಸ್ಕು' ಎಂಬ ಹೆಸರು ಆರ್ಸೆನಿಕ್ ಮತ್ತು ತಾಮ್ರದ ರಾಸಾಯನಿಕ ಸಂಕೇತಗಳನ್ನು ಜೋಡಿಸಿದ್ದು. ತಾಮ್ರ ಶಿಲೀಂಧ್ರವನ್ನು ಕೊಲ್ಲುತ್ತದೆ. ಆರ್ಸೆನಿಕ್ ಗೆದ್ದಲನ್ನೂ ತಾಮ್ರಕ್ಕೆ ಬಗ್ಗದ ಶಿಲೀಂಧ್ರವನ್ನೂ ನೋಡಿಕೊಳ್ಳುತ್ತದೆ. ಜಾಣತನವಿದ್ದದ್ದು ಕ್ರೋಮಿಯಂನಲ್ಲಿ. ಅದು ಮರದೊಳಗೆ ಪ್ರತಿಕ್ರಿಯೆ ನಡೆಸಿ ಉಳಿದೆರಡನ್ನೂ ನೀರಿಗೆ ಸುಲಭವಾಗಿ ಕರಗದಂತೆ ನಾರಿಗೆ ಬಿಗಿಯುತ್ತದೆ. ಮರಕ್ಕೆ ತಿಳಿ ಹಸಿರು ಬಣ್ಣ ಬರುತ್ತದೆ. 1938ರಲ್ಲಿ ಕಾಮೇಶನ್‌ಗೆ ಅಮೆರಿಕದ ಪೇಟೆಂಟ್ ದೊರೆಯಿತು. ಮುಂದೆ 'ಸಿಸಿಎ' ಎಂಬ ಹೆಸರಿನಲ್ಲಿ ಇದು ಜಗತ್ತನ್ನೇ ಸುತ್ತಿತು. ವಿಜ್ಞಾನದಲ್ಲಿ ಭಾರತದ ಸಾಧನೆಗಳ ಪಟ್ಟಿ ಹೇಳುವವರು ಈ ಹೆಸರನ್ನು ನೆನೆಯುವುದು ಅಪರೂಪ.

ಅದರ ಪೂರ್ಣ ಲಾಭ ಪಡೆದ ದೇಶಗಳಲ್ಲಿ ನ್ಯೂಜಿಲೆಂಡ್ ಮುಖ್ಯವಾದುದು. ಕ್ಯಾಲಿಫೋರ್ನಿಯಾ ಮೂಲದ ರೇಡಿಯಾಟ ಪೈನ್ ಅಲ್ಲಿ ಮೂವತ್ತು ವರ್ಷದೊಳಗೆ ಕಟಾವಿಗೆ ಬರುತ್ತದೆ. ಹಾಗೇ ನೆಟ್ಟರೆ ಕೆಲವೇ ವರ್ಷಗಳಲ್ಲಿ ಕೊಳೆಯುವ ಈ ಮರ ಲವಣ ಹೀರಿದ ಮೇಲೆ ಬೇಲಿಯ ಗೂಟ, ದ್ರಾಕ್ಷಿತೋಟದ ಕಂಬ, ಮನೆಯ ಚೌಕಟ್ಟು ಎಲ್ಲವೂ ಆಯಿತು. ಹಳೆಯ ಕಾಡಿನ ಮೇಲಿನ ಒತ್ತಡವನ್ನು ನೆಡುತೋಪು ಹೊರತೊಡಗಿತು.

ಹುಳುವಿಗೆ ವಿಷವಾದದ್ದು ಮನುಷ್ಯನಿಗೆ ಅಮೃತವಾಗುವುದಿಲ್ಲವಷ್ಟೆ. ಮಕ್ಕಳು ಆಡುವ ಉಯ್ಯಾಲೆ, ಜಾರುಬಂಡೆಗಳಿಗೂ ಈ ಮರವೇ ಬಳಕೆಯಾಗಿದ್ದ ಅಮೆರಿಕದಲ್ಲಿ ಆರ್ಸೆನಿಕ್ ಕೈಗೆ ಅಂಟುವ, ಮಣ್ಣಿಗೆ ಸೋರುವ ಆತಂಕ ಬೆಳೆಯಿತು. ಮನೆ ಬಳಕೆಯ ಮರಕ್ಕೆ ಸಿಸಿಎ ಹಾಕುವುದನ್ನು ತಯಾರಕರು 2003ರ ಕೊನೆಗೆ ನಿಲ್ಲಿಸಿದರು. ಯುರೋಪೂ 2004ರಲ್ಲಿ ಬಿಗಿ ಮಾಡಿತು. ವಿದ್ಯುತ್ ಕಂಬದಂಥ ಬಳಕೆಗೆ ಅಮೆರಿಕದಲ್ಲಿ ಅವಕಾಶ ಉಳಿಯಿತು.

ಭಾರತದಲ್ಲಿ ಎಳೆ ಮರದ ಅನಿವಾರ್ಯತೆಯನ್ನು ಹೆಚ್ಚಿಸಿದ್ದು 1996ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ಆದೇಶ. ಕಾರ್ಯಯೋಜನೆ ಇಲ್ಲದೆ ಕಾಡಿನಲ್ಲಿ ಮರ ಕಡಿಯುವುದಕ್ಕೆ ಅದು ತಡೆ ಹಾಕಿತು. ಹಾಲು ಬತ್ತಿದ ಮೇಲೆ ಸೌದೆಯಾಗುತ್ತಿದ್ದ ರಬ್ಬರ್ ಮರ ಕುರ್ಚಿ, ಮೇಜು, ಬಾಗಿಲಾಗಲು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ನೆರವು ಬೇಕಾಯಿತು. ಇದು ಆರ್ಸೆನಿಕ್‌ಗಿಂತ ಎಷ್ಟೋ ಸೌಮ್ಯ. ಆದರೆ ಮಳೆಯಲ್ಲಿ ತೊಳೆದುಹೋಗುವ ಹಳೆಯ ದೋಷ ಇದಕ್ಕಿದೆ. ಮನೆಯೊಳಗಿನ ಮರಕ್ಕೆ ಸರಿ, ಬೇಲಿಗೂಟಕ್ಕೆ ಸಾಲದು.

1938ರಲ್ಲಿ ಮೈಸೂರು ಸಂಸ್ಥಾನದ ಪ್ರಯೋಗಾಲಯವಾಗಿ ಆರಂಭವಾಗಿ, 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾದ ಬೆಂಗಳೂರಿನ ಕೇಂದ್ರದಲ್ಲಿ ಇಂಥ ಮರಗಳ ಬಾಳಿಕೆಯ ಅಧ್ಯಯನ ನಡೆಯುತ್ತದೆ. ರೈತನಿಗೆ ಸಿಲಿಂಡರು ಬೇಕಿಲ್ಲದ ವಿಧಾನವೂ ಒಂದಿದೆ. ಆಗತಾನೇ ಕಡಿದ ಹಸಿ ಕಂಬದ ಬುಡವನ್ನು ಲವಣದ ನೀರು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿದರೆ, ತೇವ ಆರುತ್ತ ಹೋದಂತೆ ದ್ರಾವಣ ತಾನಾಗಿ ಮೇಲೇರುತ್ತದೆ. ಅರ್ಧ ಒಣಗಿದ ಕಂಬಕ್ಕೆ ಈ ಉಪಾಯ ನಡೆಯದು.

ಸಿಸಿಎ ಹಾಕಿದ ಹಳೆಯ ಕಂಬ ಕಿತ್ತಾಗ ಒಂದು ಎಚ್ಚರ ಬೇಕು. ಅದನ್ನು ಬಚ್ಚಲ ಒಲೆಗೆ ಹಾಕಬಾರದು. ಆರ್ಸೆನಿಕ್‌ನ ಒಂದು ಪಾಲು ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿರುತ್ತದೆ. ಆ ಬೂದಿ ಪಾತ್ರೆ ತಿಕ್ಕಲೂ ಸಲ್ಲದು, ತರಕಾರಿ ಪಾತಿಗೂ ಸಲ್ಲದು.