ಕದಲದ ಗುರುತು: ಹಂಪಿಯ ಚಿತ್ರಗಳು ಮತ್ತು ದೇಹದ ಸ್ಕ್ಯಾನ್‌ಗಳ ತಾಳೆ

ಹಂಪಿ ಬಜಾರಿನ ಪಶ್ಚಿಮ ತುದಿಯ ವಿರೂಪಾಕ್ಷ ದೇವಸ್ಥಾನದೊಳಗೆ ಒಂದು ಕತ್ತಲೆ ಕೋಣೆಯಿದೆ. ಕಿಂಡಿಯಿಂದ ನುಗ್ಗಿದ ಬೆಳಕು ಅಲ್ಲಿನ ಗೋಡೆಯ ಮೇಲೆ ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಆ ನೆರಳನ್ನು ಹೊರಗಿನ ಗೋಪುರದೊಡನೆ ತಾಳೆ ನೋಡಬೇಕೆಂದರೆ ಅದನ್ನು ಅರ್ಧ ಸುತ್ತು ತಿರುಗಿಸಿ, ಹಿಗ್ಗಿಸಿ, ಕಳಶದ ಮೇಲೆ ಕಳಶ ಕೂರಿಸಬೇಕು. ಒಬ್ಬನೇ ರೋಗಿಯ ಸಿ.ಟಿ. ಮತ್ತು ಎಂ.ಆರ್.ಐ. ಸ್ಕ್ಯಾನ್‌ಗಳನ್ನು ಒಂದರ ಮೇಲೊಂದು ಕೂರಿಸುವಾಗ ಕಂಪ್ಯೂಟರ್ ಮಾಡುವುದೂ ಇದೇ ಕೆಲಸ. ಎರಡೂ ಕಡೆ ಎದುರಾಗುವ ಪ್ರಶ್ನೆ ಒಂದೇ: ಯಾವುದನ್ನು ಕದಲದ ಗುರುತೆಂದು ನಂಬಬೇಕು?

ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಸೆರೆಹಿಡಿದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ ನಿಂತು ಮತ್ತೆ ಚಿತ್ರ ತೆಗೆದರು. ಕ್ಯಾಮೆರಾ ಒಂದು ಹೆಜ್ಜೆ ಸರಿದರೂ ಹತ್ತಿರದ ಕಂಬ ದೂರದ ಗುಡ್ಡದಿಂದ ಪಕ್ಕಕ್ಕೆ ಜಾರುತ್ತದೆ. ಆ ತಪ್ಪನ್ನು ಆಮೇಲೆ ಯಾವ ಲೆನ್ಸೂ ತಿದ್ದಲಾರದು. ಹೀಗಾಗಿ ಇಲ್ಲಿ ತಾಳೆ ನಡೆದದ್ದು ಕಾಲಿನಲ್ಲಿ, ನೆಲದ ಮೇಲೆ. ಗುಂಡುಕಲ್ಲುಗಳು ಕೂತಲ್ಲೇ ಕೂತಿದ್ದವು. ಆದರೆ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ನೆತ್ತಿಯ ಮೇಲೆ ಗ್ರೀನ್‌ಲಾ ಕಂಡಿದ್ದ ಇಟ್ಟಿಗೆಯ ಶಿಖರ ಗೋಲಿಂಗ್ಸ್‌ರ ಹೊತ್ತಿಗೆ ಇರಲಿಲ್ಲ. ಕಲ್ಲುಗಳು ತಾಳೆಯಾದದ್ದರಿಂದಲೇ ಶಿಖರ ಕಳೆದುಹೋದದ್ದು ಖಚಿತವಾಯಿತು.

ವೈದ್ಯಲೋಕದಲ್ಲಿ ಮೊದಲು ನಂಬಿದ್ದು ಲೋಹವನ್ನು. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1949ರಲ್ಲಿ ವಿವರಿಸಿದಂಥ ಚೌಕಟ್ಟನ್ನು ತಲೆಬುರುಡೆಗೇ ಬಿಗಿಯುತ್ತಿದ್ದರು. 1989ರಲ್ಲಿ ಪೆಲಿಝಾರಿ ಮತ್ತು ಚೆನ್ ತಂಡ ಒಂದು ಸ್ಕ್ಯಾನ್‌ನಿಂದ ತಲೆಯ ಮೇಲ್ಮೈಯನ್ನು ತೆಗೆದು, ಇನ್ನೊಂದರಿಂದ ತೆಗೆದ ಬಿಂದುಗಳನ್ನು ಟೋಪಿಯಂತೆ ಅದಕ್ಕೆ ತೊಡಿಸಿತು. 1992ರಲ್ಲಿ ಬೆಸ್ಲ್ ಮತ್ತು ಮೆಕ್ಕೇ ಪ್ರಕಟಿಸಿದ, ಹತ್ತಿರದ ಬಿಂದುವಿಗೆ ಬಿಂದು ಸೇರಿಸುತ್ತ ಹೋಗುವ ವಿಧಾನ ಇಂದು ಸ್ಮಾರಕಗಳ ಲೇಸರ್ ಸ್ಕ್ಯಾನ್ ಜೋಡಿಸುವವರ ನಿತ್ಯದ ಉಪಕರಣ. ದೇವಸ್ಥಾನಕ್ಕೂ ದೇಹಕ್ಕೂ ಒಂದೇ ಗಣಿತ ಒದಗಿರುವುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಕಷ್ಟವಿದ್ದದ್ದು ಬಣ್ಣದಲ್ಲಿ. ಸಿ.ಟಿ.ಯಲ್ಲಿ ಬೆಳ್ಳಗೆ ಹೊಳೆಯುವ ಮೂಳೆ ಎಂ.ಆರ್.ಐ.ಯಲ್ಲಿ ಕಪ್ಪು. ಬಿಳಿಗೆ ಬಿಳಿ ಹುಡುಕುವ ಯಂತ್ರ ಇಲ್ಲಿ ದಾರಿ ತಪ್ಪುತ್ತದೆ. 1995ರಲ್ಲಿ ಎಂ.ಐ.ಟಿ.ಯ ವಯೋಲಾ ಮತ್ತು ವೆಲ್ಸ್, ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಕೊಲಿನ್ಯೋ, ಮೇಸ್ ಮತ್ತು ಸಂಗಡಿಗರು, ಬೇರೆಬೇರೆಯಾಗಿಯೇ, ಕ್ಲಾಡ್ ಶ್ಯಾನನ್ 1948ರಲ್ಲಿ ಕಟ್ಟಿದ ಮಾಹಿತಿ ಸಿದ್ಧಾಂತದತ್ತ ತಿರುಗಿದರು. ಎರಡು ಚಿತ್ರಗಳು ಒಂದೇ ಥರ ಕಾಣಬೇಕಿಲ್ಲ; ಒಂದನ್ನು ನೋಡಿ ಇನ್ನೊಂದನ್ನು ಊಹಿಸುವಂತಿದ್ದರೆ ಸಾಕು. ಊಹೆ ಅತಿ ಹೆಚ್ಚು ಗಟ್ಟಿಯಾಗುವ ಸ್ಥಾನವೇ ಸರಿಯಾದ ಸ್ಥಾನ. ಮೂರು ದಿಕ್ಕಿನ ಸರಿಯುವಿಕೆ, ಮೂರು ಅಕ್ಷದ ತಿರುವು, ಒಟ್ಟು ಆರು ಸಂಖ್ಯೆಗಳನ್ನು ಯಂತ್ರ ತಾನೇ ಹುಡುಕಿಕೊಂಡಿತು. 1997ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೆಸ್ಟ್ ಮತ್ತು ಫಿಟ್ಜ್‌ಪ್ಯಾಟ್ರಿಕ್ ತಂಡ ಇಂಥ ಹಲವು ವಿಧಾನಗಳನ್ನು ಪರೀಕ್ಷೆಗೊಡ್ಡಿತು. ರೋಗಿಗಳ ಬುರುಡೆಗೆ ಕೂರಿಸಿದ್ದ ಗುರುತುಗಳನ್ನು ಚಿತ್ರದಿಂದ ಅಳಿಸಿ, ಸರಿಯುತ್ತರವನ್ನು ಬಚ್ಚಿಟ್ಟು ನಡೆಸಿದ ಈ ಪರೀಕ್ಷೆಯನ್ನು ಈ ಚರಿತ್ರೆಯ ಅತ್ಯಂತ ಪ್ರಾಮಾಣಿಕ ಅಧ್ಯಾಯವೆಂದು ಎಣಿಸುತ್ತೇನೆ. 1998ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಡೇವಿಡ್ ಟೌನ್‌ಸೆಂಡ್ ಮತ್ತು ರೊನಾಲ್ಡ್ ನಟ್ ತಂಡದ ಪೆಟ್-ಸಿ.ಟಿ. ಎರಡು ಯಂತ್ರಗಳನ್ನು ಒಂದೇ ಹಾಸಿಗೆಗೆ ತಂದಿತು. ಉಸಿರಾಟವನ್ನು ಮಾತ್ರ ಹಾಸಿಗೆ ನಿಲ್ಲಿಸಲಾರದು.

ತಲೆಬುರುಡೆ ಗುಂಡುಕಲ್ಲಿನಂತೆ ಗಟ್ಟಿ; ಸ್ತನ, ಯಕೃತ್ತು, ಶ್ವಾಸಕೋಶ ಹಾಗಲ್ಲ. ಅಂಥವಕ್ಕಾಗಿ ಚಿತ್ರವನ್ನೇ ಎಳೆದು ಬಗ್ಗಿಸುವ ವಿಧಾನವೊಂದನ್ನು ರೂಕರ್ಟ್ ತಂಡ 1999ರಲ್ಲಿ ಪ್ರಕಟಿಸಿತು. ಅಪಾಯವಿರುವುದೂ ಇಲ್ಲೇ. ತಾಳೆಯಾಗಲೇಬೇಕೆಂದು ಹಟ ಹಿಡಿದ ಯಂತ್ರ, ಕಾಂಟ್ರಾಸ್ಟ್ ದ್ರವ್ಯದಿಂದ ಹೊಳೆಯುವ ಗಡ್ಡೆಯನ್ನು ಕುಗ್ಗಿಸಿಬಿಡಬಹುದು. ಗಾತ್ರ ಬದಲಾಗದಂತೆ ಕಟ್ಟು ಹಾಕುವ ಉಪಾಯವನ್ನು ರೋಲ್ಫಿಂಗ್ ತಂಡ 2003ರಲ್ಲಿ ಸ್ತನದ ಎಂ.ಆರ್.ಐ. ಮೇಲೆ ತೋರಿಸಿತು. ಕಲ್ಲಿನ ರಥದ 1983ರ ಚಿತ್ರವನ್ನು 1856ರದಕ್ಕೆ ಹೊಂದುವವರೆಗೆ ಎಳೆದರೆ, ಇಲ್ಲದ ಶಿಖರದ ಜಾಗಕ್ಕೆ ರಥದ ಕಲ್ಲೇ ಹಿಗ್ಗಿ ನಿಂತೀತು.

2011ರ ಜುಲೈಯಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳ ಮನೆ, ಅಂಗಡಿಗಳನ್ನು ತೆರವುಗೊಳಿಸಲಾಯಿತು. ಅದಕ್ಕೂ ಹಿಂದಿನ ಫೋಟೊವೊಂದನ್ನು ಇಂದಿನದರ ಮೇಲೆ ಇಟ್ಟು ನೋಡಿ. ಕಂಬಕ್ಕೆ ಕಂಬ ಕೂರುತ್ತದೆ, ಬೀದಿಯ ಪೂರ್ವ ತುದಿಯ ಎದುರು ಬಸವಣ್ಣನೂ ಕೂರುತ್ತಾನೆ. ಕಂಬಗಳ ನಡುವಿನ ಗೋಡೆ, ಬಾಗಿಲು, ಹೊಸ್ತಿಲುಗಳಿಗೆ ಇಂದಿನ ಚಿತ್ರದಲ್ಲಿ ಜೋಡಿಯಿಲ್ಲ.