ಆಚೆ ದಂಡೆ, ಈಚೆ ದಂಡೆ

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಬಾದಾಮಿ ಸೀಮೆಯ ಪಟ್ಟದಕಲ್ಲಿನ ಬಳಿ ಉತ್ತರಕ್ಕೆ ಹರಿಯುತ್ತಾಳೆ. ಉತ್ತರವಾಹಿನಿ ಪವಿತ್ರಳೆಂಬ ನಂಬಿಕೆ ನಮ್ಮ ಜನರದು. ಚಾಲುಕ್ಯರ ಗುಡಿಗಳು ಅವಳ ದಂಡೆಯಲ್ಲೇ ಎದ್ದವು. ಮುಂದೆ ಐಹೊಳೆಯನ್ನು ದಾಟಿ, ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಆಕೆ ಕೃಷ್ಣೆಯನ್ನು ಸೇರುತ್ತಾಳೆ.

ಈ ಸಂಗಮ ಕನ್ನಡ ಕಥನಕ್ಕೆ ಬಂದದ್ದು ಒಂದು ಅಗಲಿಕೆಯ ಮೂಲಕ ಎಂಬುದು ಗಮನಾರ್ಹ. ಹರಿಹರನು ತನ್ನ 'ಬಸವರಾಜದೇವರ ರಗಳೆ'ಯಲ್ಲಿ ಇದನ್ನು ಕಪ್ಪಡಿಸಂಗಮವೆಂದು ಕರೆಯುತ್ತಾನೆ. ಜನಿವಾರವನ್ನು ತೊರೆದು ಬಂದ ತರುಣ ಬಸವ ಇಲ್ಲಿ ಹೂ ತಂದು ಸಂಗಮನಾಥನನ್ನು ಪೂಜಿಸುತ್ತಾನೆ. ಬಿಜ್ಜಳನಿದ್ದ ಮಂಗಳವಾಡಕ್ಕೆ ಹೋಗೆಂದು ಕನಸಿನಲ್ಲಿ ದೇವರ ಅಪ್ಪಣೆಯಾದಾಗ ಅವನು ಹಿಗ್ಗುವುದಿಲ್ಲ, ಕುಗ್ಗುತ್ತಾನೆ. ಕೊನೆಗೆ ನಂದಿಯ ಬಾಯಿಂದ ಬಂದ ಲಿಂಗವನ್ನು ಹಿಡಿದು ಹೊರಡುತ್ತಾನೆ. ದೇವರು ಜೊತೆಗೆ ಬಂದ, ಹೊಳೆ ಹಿಂದೆ ಉಳಿಯಿತು. ಆದರೂ ವಚನದ ಅಂಕಿತವಾಗಿ ಆ ಊರಿನ ಹೆಸರು ಅವನ ನಾಲಗೆಯನ್ನು ಬಿಡಲಿಲ್ಲ.

ನಮ್ಮ ಕಾಲದ ಲೇಖಕರನ್ನು ಹೆಚ್ಚಾಗಿ ಸೆಳೆದದ್ದು ಕಲ್ಯಾಣದ ಬೀದಿ ಮತ್ತು ಅರಮನೆ. ಬಿ. ಪುಟ್ಟಸ್ವಾಮಯ್ಯನವರ 'ಕ್ರಾಂತಿ ಕಲ್ಯಾಣ' ಕಾದಂಬರಿಗೆ 1964ರಲ್ಲಿ, ಗಿರೀಶ ಕಾರ್ನಾಡರ 'ತಲೆದಂಡ' ನಾಟಕಕ್ಕೆ 1994ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಹೊಳೆಯ ಕತೆಯನ್ನು ಕಾಪಾಡಿಕೊಂಡವರು ಮಾತ್ರ ದಂಡೆಯ ಜನರೇ.

ಅವರ ಐತಿಹ್ಯದಂತೆ, ಸಂಗಮಕ್ಕೆ ಮರಳಿದ ಬಸವಣ್ಣನವರು ಮಡದಿ ನೀಲಮ್ಮನವರಿಗೆ ಹೇಳಿಕಳಿಸಿದರು. ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಎಂಬುದು ಆ ತಾಯಿಯ ಪ್ರಶ್ನೆ. ಆಕೆ ಬರುವಷ್ಟರಲ್ಲಿ ಅವರು ಐಕ್ಯರಾಗಿದ್ದರು; ನೀಲಮ್ಮ ಆಚೆ ದಂಡೆಯ ತಂಗಡಗಿಯಲ್ಲೇ ಐಕ್ಯರಾದರು. ಇಬ್ಬರ ನಡುವೆ ಇಂದಿಗೂ ಕೃಷ್ಣೆ ಹರಿಯುತ್ತಾಳೆ.

1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಜಲಾಶಯದ ಹಿನ್ನೀರು ಸಂಗಮವನ್ನು ಮುಟ್ಟಿತು. ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಅದನ್ನು ಉಳಿಸಲಾಯಿತು. ಈಗ ಭಕ್ತರು ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ, ಗೋಡೆಯಾಚೆ ನೀರು.

ಅಂಥ ಗೋಡೆ ಎಲ್ಲರ ಮನೆಗೂ ಸಿಗಲಿಲ್ಲ. 1964ರಲ್ಲಿ ಅಡಿಗಲ್ಲು ಬಿದ್ದು 2006ರಲ್ಲಿ ರಾಷ್ಟ್ರಕ್ಕೆ ಅರ್ಪಿತವಾದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಯ ಹಳೆ ಬಾಗಲಕೋಟೆಯ ಓಣಿಗಳನ್ನು ನುಂಗಿತು. ಜನ ನವನಗರಕ್ಕೆ ಗಂಟು ಕಟ್ಟಿದರು. ಒಣಭೂಮಿಗೆ ನೀರು ಬೇಕಿತ್ತು, ನಿಜ. ಅದರ ಬೆಲೆ ತೆತ್ತವರು ದಂಡೆಯವರು.

ಅಂದು ಬಸವ ಹೊಳೆಯನ್ನು ಬಿಟ್ಟು ಹೋದ. ನಮ್ಮ ಕಾಲದಲ್ಲಿ ಹೊಳೆಯೇ ಹೊಸ್ತಿಲಿಗೆ ಬಂದು ಜನರನ್ನು ಎಬ್ಬಿಸಿತು. ಹರಿಹರ ಒಬ್ಬನ ಅಗಲಿಕೆಯ ದುಃಖವನ್ನು ಬರೆದಿಟ್ಟ. ಈ ಸಾವಿರಾರು ಮನೆಗಳ ದುಃಖವನ್ನು, ಅದನ್ನು ಕಂಡವರು ನಮ್ಮ ನಡುವೆ ಇರುವಾಗಲೇ ಕೇಳಿ ಬರೆದಿಡುವುದು ನಮ್ಮ ಪಾಲಿನ ಕೆಲಸ.