ಸ್ವಂತ ಜಾಲತಾಣವೂ ಹೊರನಾಡಿನ ಕನ್ನಡವೂ

ಹೊರನಾಡಿನ ಕನ್ನಡಿಗರ ಇತಿಹಾಸವನ್ನು ಬರೆಯಹೊರಡುವವರು ಸಂಘದ ಸ್ಥಾಪನೆ, ಕಟ್ಟಡದ ನಿಧಿ, ರಾತ್ರಿಶಾಲೆ, ನಾಟಕ, ಸ್ಮರಣ ಸಂಚಿಕೆ ಇವುಗಳನ್ನು ಕುರಿತು ವಿಸ್ತಾರವಾಗಿ ಬರೆಯುತ್ತಾರೆ. ಅದು ಯುಕ್ತವೇ ಸರಿ. ಆದರೆ 1996ರಿಂದ ಮುಂದೆ ಸುಮಾರು ಹತ್ತು ವರ್ಷಗಳ ಕಾಲ ನಮ್ಮವರಲ್ಲಿ ಕೆಲವರು, ಕಚೇರಿಯ ಕೆಲಸ ಮುಗಿಸಿ ಬಂದು, ರಾತ್ರಿ ಗಣಕದ ಮುಂದೆ ಕುಳಿತು ಕಟ್ಟಿದ ಸ್ವಂತ ಜಾಲತಾಣಗಳ ಮಾತು ಆ ಬರಹಗಳಲ್ಲಿ ಬರುವುದು ಅಪೂರ್ವ. ಅಚ್ಚಾದ ಸಂಚಿಕೆಯಾದರೆ ಯಾರ ಮನೆಯ ಅಟ್ಟದ ಮೇಲಾದರೂ ಸಿಕ್ಕೀತು. ಈ ಪುಟಗಳಿಗೆ ಆ ಭಾಗ್ಯವೂ ಇಲ್ಲ. ಅವು ಹೇಗೆ ಹುಟ್ಟಿದುವು, ಏತಕ್ಕೆ ಓದಲಾರದಂತಾದುವು, ಇನ್ನೂ ಏನನ್ನು ಉಳಿಸಿಕೊಳ್ಳಬಹುದು ಎಂಬುದನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಮೂಲದ ಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಜಿನೀವಾ ನಗರದ ಬಳಿಯ ಸರ್ನ್ ಎಂಬ ಸಂಶೋಧನ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ಮುಂದಿಟ್ಟ ಯೋಜನೆಯಿಂದ ವಿಶ್ವವ್ಯಾಪಿ ಜಾಲ ಹುಟ್ಟಿತು. 1991ರಲ್ಲಿ ಅದು ಹೊರಜಗತ್ತಿಗೆ ತೆರೆಯಿತು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ತನ್ನ ಹಕ್ಕುಗಳನ್ನು ಬಿಟ್ಟುಕೊಟ್ಟು, ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರಿತು. ಈ ಔದಾರ್ಯದ ಜೊತೆಗೆ ಇನ್ನೊಂದು ಅನುಕೂಲವೂ ಇದ್ದಿತು. ಯಾವ ಪುಟವನ್ನು ತೆರೆದರೂ ಅದನ್ನು ಕಟ್ಟಿದ ಬಗೆಯನ್ನು ನೋಡಬಹುದಾಗಿತ್ತು. ಅಡಿಗೆಯ ಜೊತೆಗೆ ಅದನ್ನು ಮಾಡಿದ ಕ್ರಮವನ್ನೂ ಬಡಿಸಿದಂತೆ! ಗುರುವಿಲ್ಲದೆ ವಿದ್ಯೆ ಕಲಿತವರ ಸಂಖ್ಯೆ ಈ ಕ್ಷೇತ್ರದಲ್ಲಿ ದೊಡ್ಡದಾಗಿರುವುದಕ್ಕೆ ಇದೇ ಕಾರಣ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮೊದಲ ಸಾಲಿನಲ್ಲಿ ಅದನ್ನು ಪಡೆದ ನಗರಗಳಲ್ಲಿ ಮುಂಬಯಿ, ದೆಹಲಿ, ಕಲಕತ್ತೆ, ಮದ್ರಾಸುಗಳಿದ್ದುವು. ಕನ್ನಡಿಗರು ನೆಲೆಸಿದ್ದ ಹೊರನಾಡಿನ ಪಟ್ಟಣಗಳಿಗೆ ಈ ವಿಷಯದಲ್ಲಿ ಮೊದಲ ಪಂಕ್ತಿಯೇ ದೊರೆಯಿತೆಂಬುದು ಗಮನಿಸತಕ್ಕ ಸಂಗತಿ. ದೂರವಾಣಿಯ ತಂತಿಯ ಮೂಲಕ ಸಂಪರ್ಕ. ಮಾಸಿಕ ಬಿಲ್ಲಿನ ಭಯ. ಒಂದು ಚಿತ್ರ ಪೂರ್ತಿ ಮೂಡುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಬರಬಹುದಾದ ವೇಗ. ಆದರೂ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಕನ್ನಡದ ಪ್ರಥಮ ಅಂತರಜಾಲ ಪತ್ರಿಕೆಯೆಂದು ಹೆಸರಾದ ‘ವಿಶ್ವಕನ್ನಡ’ವನ್ನು 1996ರ ಡಿಸೆಂಬರಿನಲ್ಲಿ ಆರಂಭಿಸಿದವರು, ನಮ್ಮ ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಗಳಾಗಿ ದುಡಿದ ಡಾ. ಯು. ಬಿ. ಪವನಜ ಅವರು. ಕನ್ನಡದ ಮೊಳೆಗಳುಳ್ಳ ಮುದ್ರಣಾಲಯಕ್ಕಾಗಿ ಅಲೆದಾಡಿದ ಹೊರನಾಡಿಗರಿಗೆ, ಅಚ್ಚಿನ ಮನೆಯ ಹಂಗಿಲ್ಲದೆ ಕನ್ನಡವನ್ನು ಪ್ರಕಟಿಸಬಹುದೆಂಬ ಸುದ್ದಿ ಎಂತಹ ಬಿಡುಗಡೆಯೆಂಬುದನ್ನು ವಾಚಕರೇ ಊಹಿಸಬಹುದು.

ತಾಣಕ್ಕೆ ಸ್ಥಳ ಬೇಕಷ್ಟೆ. ಅದನ್ನು ಉಚಿತವಾಗಿ ಕೊಟ್ಟವರಲ್ಲಿ ಅಮೆರಿಕದ ಜಿಯೋಸಿಟೀಸ್ ಬಹು ಪ್ರಸಿದ್ಧ. 1994ರಲ್ಲಿ ಬೇರೆ ಹೆಸರಿನಿಂದ ಹುಟ್ಟಿದ ಈ ಸಂಸ್ಥೆ ತನ್ನ ಸ್ಥಳವನ್ನು ಒಂದು ಊರಿನಂತೆ ಕೇರಿಗಳಾಗಿ ಹಂಚಿತ್ತು. ಸಿನಿಮಾ ಪ್ರಿಯರಿಗೆ ಹಾಲಿವುಡ್ ಕೇರಿ, ಗಣಕದವರಿಗೆ ಸಿಲಿಕಾನ್ ವ್ಯಾಲಿ. ಪ್ರತಿಯೊಬ್ಬನಿಗೂ ಒಂದು ಮನೆಯ ಸಂಖ್ಯೆ. ಪುಟದ ಅಡಿಯಲ್ಲಿ ಎಷ್ಟು ಮಂದಿ ಬಂದುಹೋದರೆಂದು ತೋರಿಸುವ ಎಣಿಕೆಯಂತ್ರ, ಬಂದವರು ಎರಡು ಮಾತು ಬರೆಯುವ ಅತಿಥಿಪುಸ್ತಕ, ಒಂದೇ ಅಭಿರುಚಿಯ ತಾಣಗಳನ್ನು ಮಾಲೆಯಾಗಿ ಪೋಣಿಸುವ ವೆಬ್‌ರಿಂಗ್, ‘ಕಾಮಗಾರಿ ನಡೆದಿದೆ’ ಎಂದು ಸಾರುವ, ಗುದ್ದಲಿ ಹಿಡಿದ ಕೂಲಿಯ ಚಿತ್ರ. ಇವೆಲ್ಲ ಅಂದಿನ ಅಲಂಕಾರಗಳು. ಎಣಿಕೆಯಂತ್ರದ ಅಂಕಿ ಏರಲೆಂದು ತಮ್ಮ ಪುಟವನ್ನು ತಾವೇ ಮತ್ತೆ ಮತ್ತೆ ತೆರೆದವರೂ ಇದ್ದರೆಂದರೆ ನಗಬೇಕಾದದ್ದಿಲ್ಲ. ನಾಟಕದ ಮೊದಲ ಸಾಲಿನಲ್ಲಿ ಸ್ವಂತ ನೆಂಟರನ್ನೇ ಕೂರಿಸುವುದು ನಮಗೆ ಹೊಸದೇ? ಇಂತಹ ಉಪಕರಣಗಳಲ್ಲಿ ಬಹುಪಾಲು ಬೇರೆಯವರ ಗಣಕದಲ್ಲಿ ಓಡುತ್ತಿದ್ದುವು. ಅವರು ಅಂಗಡಿ ಮುಚ್ಚಿದ ದಿನ ನಮ್ಮ ಪುಟದಲ್ಲೊಂದು ತೂತು. ಉಪಕರಣ ಹೋದ ಮೇಲೂ ಪುಟ ನಿಂತೀತೇ ಎಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡವರು ವಿರಳ.

ಇದು ಎಲ್ಲ ಭಾಷೆಯವರ ಪಾಡು. ನಮ್ಮದಕ್ಕೆ ಮೇಲೊಂದು ಕಷ್ಟ ಸೇರಿದ್ದಿತು. ಅಂದಿನ ಫಾಂಟುಗಳು ಕನ್ನಡದ ಅಕ್ಷರಗಳನ್ನು ರೋಮನ್ ಅಕ್ಷರಗಳ ಪೀಠದ ಮೇಲೆ ಕೂರಿಸಿದ್ದುವು. ಗಣಕದ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಕನ್ನಡದ ವೇಷ ಹಾಕಿದ ರೋಮನ್. ನುಡಿ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಆ ಫಾಂಟು ಇಲ್ಲದವರು ತೆರೆದರೆ ಕಾಣುವುದೇನು? ಒಂದು ‘ಪಿ’, ನೆತ್ತಿಯ ಮೇಲೆ ಗೀಟು ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ‘ಎ’, ಜರ್ಮನರ ಒಂದು ಅಕ್ಷರ, ಸಣ್ಣ ‘ಕ್ಯೂ’, ಇನ್ನೊಂದು ‘ಎ’. ಒಂದೊಂದು ತಂತ್ರಾಂಶದ್ದೂ ಒಂದೊಂದು ಪೀಠಕ್ರಮವಾದ್ದರಿಂದ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಲಸುಮೇಲೋಗರ. ಫಾಂಟನ್ನು ಪುಟದೊಡನೆಯೇ ಕಳುಹಿಸುವ ಉಪಾಯ 1997ರಲ್ಲಿ ಬಂದಿತಾದರೂ, ನೆಟ್‌ಸ್ಕೇಪಿನದು ಒಂದು ರೀತಿ, ಮೈಕ್ರೋಸಾಫ್ಟಿನದು ಇನ್ನೊಂದು. 2000ದಲ್ಲಿ ಬಂದ ನೆಟ್‌ಸ್ಕೇಪ್ 6ರಲ್ಲಿ ಈ ಸೌಕರ್ಯವೇ ಇಲ್ಲವಾಯಿತು.

ಈ ಗೊಂದಲದ ನಡುವೆ ದುಡಿದವರನ್ನು ಸ್ಮರಿಸದಿದ್ದರೆ ಕೃತಘ್ನತೆಯಾದೀತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದಿದ್ದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರದ ಮನ್ನಣೆ ಪಡೆಯಿತು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ‘ಬರಹ’ವನ್ನು ಹೊರತಂದು ಉಚಿತವಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಕೊಟ್ಟಿತು. ಹೊರನಾಡಿನ ಎಷ್ಟೋ ಪುಟಗಳು ಇವರ ಋಣದಲ್ಲಿವೆ.

ವಿಚಿತ್ರವೇನೆಂದರೆ ಪರಿಹಾರವೂ ರೋಗದಷ್ಟೇ ಹಳೆಯದು. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಖ್ಯೆ ಕೊಡುವ ಯೂನಿಕೋಡ್, ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟದ್ದು 1991ರಲ್ಲಿಯೇ, ಜಾಲ ಹೊರಜಗತ್ತಿಗೆ ತೆರೆದ ಅದೇ ವರ್ಷ. ಆದರೆ ಸಾಮಾನ್ಯರ ಗಣಕ ಅದನ್ನು ಓದಬಲ್ಲದ್ದಾಗಲು 2001ರ ವಿಂಡೋಸ್ ಎಕ್ಸ್‌ಪಿ, ಅದರೊಳಗಿನ ‘ತುಂಗಾ’ ಫಾಂಟು ಬರಬೇಕಾಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾದದ್ದು ಈ ತಳಹದಿಯ ಮೇಲೆ. ನಡುವಿನ ಹತ್ತು ವರ್ಷಗಳಲ್ಲಿ ಬರೆದದ್ದೆಲ್ಲ ಹಳೆಯ ವೇಷದಲ್ಲಿಯೇ ಉಳಿಯಿತು. ಹುಡುಕುಯಂತ್ರದಲ್ಲಿ ಊರ ಹೆಸರನ್ನೋ ಕವಿಯ ಹೆಸರನ್ನೋ ಕನ್ನಡದಲ್ಲಿ ಕೇಳಿದರೆ ಆ ಪುಟಗಳು ಉತ್ತರ ಕೊಡವು. ತಮ್ಮಲ್ಲಿ ಕನ್ನಡವಿದೆಯೆಂದೇ ಅವು ಹೇಳಿಕೊಳ್ಳಲಾರವು.

ಇಷ್ಟರಲ್ಲಿ ಮನೆಯ ಯಜಮಾನನೂ ಬದಲಾದನು. 1999ರಲ್ಲಿ ಯಾಹೂ ಸಂಸ್ಥೆ ಜಿಯೋಸಿಟೀಸನ್ನು ಕೊಂಡುಕೊಂಡಿತು. 2009ರ ಅಕ್ಟೋಬರ್ 26ರಂದು ಬಾಗಿಲು ಮುಚ್ಚಿತು. ಬಿಟ್ಟಿ ಮನೆಯಲ್ಲಿದ್ದವರಿಗೆ ದೂರುವ ಹಕ್ಕಾದರೂ ಎಲ್ಲಿಯದು? ‘ಆರ್ಕೈವ್ ಟೀಮ್’ ಎಂಬ ಸ್ವಯಂಸೇವಕರ ತಂಡವೂ, 1996ರಲ್ಲಿ ಬ್ರೂಸ್ಟರ್ ಕೇಲ್ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್ ಎಂಬ ಭಂಡಾರವೂ ಕೈಗೆ ಸಿಕ್ಕಷ್ಟನ್ನು ನಕಲು ಮಾಡಿಟ್ಟುಕೊಂಡುದರಿಂದ ಒಂದು ಪಾಲು ಉಳಿದಿದೆ. ಹಳೆಯ ವಿಳಾಸ ನೆನಪಿದ್ದವರು ಆ ಭಂಡಾರದ ‘ವೇಬ್ಯಾಕ್ ಮಷಿನ್’ನಲ್ಲಿ ಅದನ್ನು ಬರೆದು ನೋಡಬಹುದು. ಇಂದಿನ ಪುಟವೊಂದರ ಪ್ರತಿಯನ್ನು ಅಲ್ಲಿ ಇರಿಸುವುದೂ ಕ್ಷಣಗಳ ಕೆಲಸ. ನಮ್ಮ ಅಭಿಪ್ರಾಯದಲ್ಲಿ ಈಗ ದೊರೆಯುವ ಉಚಿತ ಸಾಧನಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಆದರೆ ಭಂಡಾರದಿಂದ ಬಂದ ಕನ್ನಡ ಪುಟ ಅದೇ ಪೌಂಡಿನ ಗುರುತು, ಗೀಟು ಹೊತ್ತ ‘ಎ’ಗಳೊಡನೆಯೇ ಬರುತ್ತದೆ. ಅದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳುಂಟು. ಒಂದು ಕಡೆ ಅಂಟಿಸಿದರೆ ಇನ್ನೊಂದು ಕಡೆ ಕನ್ನಡ ಹೊರಡುತ್ತದೆ. ಮೂಲ ಯಾವ ಫಾಂಟಿನದೆಂದು ಮೊದಲು ತಿಳಿದಿರಬೇಕು. ಪುಟದ ಮೂಲರೂಪದಲ್ಲಿ ಫಾಂಟಿನ ಹೆಸರು ಇದ್ದರೆ ದಾರಿ ಸುಲಭ. ತೊಡಕು ಹೆಚ್ಚಾಗಿ ಬರುವುದು ಅರ್ಕಾವತ್ತಿನಲ್ಲಿ. ‘ಸೂರ್ಯ’ ಎಂಬಲ್ಲಿ ಹಳೆಯ ಫಾಂಟು ಕಣ್ಣಿಗೆ ಕಾಣುವಂತೆ ಯಕಾರವನ್ನು ಮೊದಲು, ಅರ್ಕಾವತ್ತನ್ನು ಆಮೇಲೆ ಇಡುತ್ತದೆ. ಯೂನಿಕೋಡು ಉಚ್ಚಾರಣೆಯಂತೆ ರಕಾರವನ್ನು ಮೊದಲು ಇಡುತ್ತದೆ. ಒಳ್ಳೆಯ ಪರಿವರ್ತಕ ಈ ಸ್ಥಾನಪಲ್ಲಟವನ್ನು ತಾನೇ ಮಾಡುತ್ತದೆ, ಸಾಧಾರಣವಾದದ್ದು ಮಾಡದು. ಕಾರ್ಯ, ವರ್ಷ, ಧರ್ಮ, ಕರ್ನಾಟಕ ಇಂತಹ ಪದಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ, ಕೈಯಿಂದ ತಿದ್ದಿ, ಆಮೇಲೆ ಹೊಸ ಪುಟದಲ್ಲಿ ಇಡತಕ್ಕದ್ದು.